ತಾಯಿ ಗಿಡ, ತಂದೆ ಗಿಡ ಎರಡರ ಹೆಸರನ್ನೂ ಬರೆದುಕೊಡುವ ನರ್ಸರಿ: ಮೈಸೂರಿನ ಮನೆಯೊಂದರ ತಾರಸಿಯ ಕಂಬಗಳ್ಳಿ ಬೀಜ, ಪರಾಗ ಮತ್ತು ಸಸಿಗಳ ವಿಮರ್ಶೆ

ಮೈಸೂರಿನಲ್ಲಿ ಕ್ಯಾಕ್ಟಸ್ ಗಿಡ ಕೊಳ್ಳುವುದು ಕಷ್ಟವಲ್ಲ. ಯಾವ ದೊಡ್ಡ ನರ್ಸರಿಗೆ ಹೋದರೂ ಒಂದು ಮೂಲೆಯಲ್ಲಿ ಸಣ್ಣ ಕುಂಡಗಳ ಸಾಲು ಇದ್ದೇ ಇರುತ್ತದೆ. ಅವುಗಳಲ್ಲಿ ಹಸಿರು ಕಾಂಡದ ಮೇಲೆ ಕೆಂಪು, ಹಳದಿ ಗುಂಡುಗಳನ್ನು ಕಸಿ ಮಾಡಿದ ಗಿಡಗಳೇ ಹೆಚ್ಚು. ನೆಟ್ಟಗೆ ಕಂಬವಾಗಿ ಏಳುವ ಜಾತಿಗಳೂ, ಅಂದರೆ ಕಂಬಗಳ್ಳಿಗಳೂ ಸಿಗುತ್ತವೆ, ಆದರೆ ಅದು ಯಾವ ಜಾತಿ, ಬೀಜದಿಂದ ಬಂದದ್ದೋ ತುಂಡು ನೆಟ್ಟು ಬೆಳೆಸಿದ್ದೋ ಎಂದು ಕೇಳಿದರೆ ಹೇಳಬಲ್ಲವರು ವಿರಳ. ಇಂಥಲ್ಲಿ ತಾಯಿ ಗಿಡ ಯಾವುದು, ಪರಾಗ ಕೊಟ್ಟ ಗಿಡ ಯಾವುದು, ಯಾವ ರಾತ್ರಿ ಪರಾಗಸ್ಪರ್ಶವಾಯಿತು, ಹಣ್ಣು ಕೊಯ್ದದ್ದು ಯಾವಾಗ ಎಂಬಿಷ್ಟನ್ನೂ ಬರೆದು ಬೀಜ ಮಾರುವ ಒಂದು ಮನೆ ಬೋಗಾದಿಯ ಕಡೆ ಇದೆ. ನಡೆಸುವವರು ನಿವೃತ್ತ ದಂಪತಿ. ಮನೆಯ ಮುಂದೆ ಫಲಕವಿಲ್ಲ, ಅಂಗಡಿಗೆ ಹೆಸರೂ ಇಲ್ಲ. ವಿಳಾಸವನ್ನು ಎಲ್ಲಿಯೂ ಬರೆಯಬೇಡಿ ಎಂದು ಅವರು ಕೇಳಿಕೊಂಡಿರುವುದರಿಂದ ಇಲ್ಲಿಯೂ ಅದನ್ನು ಕೊಡುತ್ತಿಲ್ಲ. ಊರಿನ ಕ್ಯಾಕ್ಟಸ್ ಆಸಕ್ತರಲ್ಲಿ ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ.

ಅವರಲ್ಲಿ ನಾಲ್ಕು ಬಗೆಯ ಸರಕು ಇದೆ: ಕೈಯಿಂದ ಪರಾಗಸ್ಪರ್ಶ ಮಾಡಿ ತೆಗೆದ ಬೀಜ, ಒಣಗಿಸಿಟ್ಟ ಪರಾಗ, ಒಂದು ವರ್ಷ ದಾಟಿದ ಸಸಿಗಳು, ಹೊಸಬರಿಗೆಂದು ಸಿದ್ಧಪಡಿಸಿದ ಬಿತ್ತನೆಯ ಡಬ್ಬಿ. ಇವುಗಳಲ್ಲಿ ಬೀಜವನ್ನೂ ಪರಾಗವನ್ನೂ ಕಣ್ಣು ಮುಚ್ಚಿ ಕೊಳ್ಳಬಹುದು ಎಂಬುದು ನನ್ನ ಖಚಿತ ಅಭಿಪ್ರಾಯ. ಸಸಿಗಳನ್ನು ನೋಡಿ ಆರಿಸಿ ಕೊಳ್ಳಬೇಕು. ಬಿತ್ತನೆಯ ಡಬ್ಬಿಗೆ ಹಣ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ.

ಪರಾಗವನ್ನು ಹಣ ಕೊಟ್ಟು ಕೊಳ್ಳುವುದೇಕೆ ಎಂಬ ಪ್ರಶ್ನೆ ಸಹಜ. ಮೈಸೂರಿನ ಹಳೆಯ ಬಡಾವಣೆಗಳ ಕಾಂಪೌಂಡುಗಳಲ್ಲಿ ಒಂದು ಮಹಡಿಯ ಎತ್ತರಕ್ಕೆ ಬೆಳೆದ ಸೀರಿಯಸ್ ಕುಲದ ಕಂಬಗಳ್ಳಿಗಳನ್ನು ನೀವು ನೋಡಿರಬಹುದು. ಬೇಸಿಗೆಯ ಮೊದಲ ಮಳೆಗಳು ಬಿದ್ದ ಮೇಲೆ ಅವು ಒಂದೇ ರಾತ್ರಿಯಲ್ಲಿ ಹತ್ತಾರು ಬಿಳಿ ಹೂಗಳನ್ನು ಅರಳಿಸುತ್ತವೆ, ಬೆಳಗಾಗುವ ಹೊತ್ತಿಗೆ ಎಲ್ಲವೂ ಬಾಡಿ ಜೋತುಬೀಳುತ್ತವೆ, ವಾರ ಕಳೆಯುವುದರೊಳಗೆ ಹೂವಿನ ಬುಡ ಹಳದಿಯಾಗಿ ಕಳಚಿ ಬೀಳುತ್ತದೆ. ವರ್ಷಗಟ್ಟಲೆ ಹೂ ಬಿಟ್ಟೂ ಒಂದು ಹಣ್ಣನ್ನೂ ಕೊಡದ ಗಿಡಗಳು ಹೀಗೆ ಎಷ್ಟೋ ಇವೆ. ಗಿಡದಲ್ಲಿ ದೋಷವೇನೂ ಇಲ್ಲ. ಸೀರಿಯಸ್, ಟ್ರೈಕೊಸೀರಿಯಸ್ ಕುಲಗಳ ಬಹುಪಾಲು ಗಿಡಗಳು ತಮ್ಮದೇ ಪರಾಗವನ್ನು ಒಪ್ಪುವುದಿಲ್ಲ. ಹೂವಿನಲ್ಲಿ ಪರಾಗ ಹಿಡಿಯುವ ತುದಿಯಾದ ಶಲಾಕಾಗ್ರದ ಮೇಲೆ ಬಿದ್ದ ಸ್ವಂತ ಪರಾಗವನ್ನು ಗಿಡ ಗುರುತಿಸಿ, ಅದರ ನಳಿಕೆ ಅಂಡಾಶಯದವರೆಗೆ ಇಳಿಯದಂತೆ ತಡೆದುಬಿಡುತ್ತದೆ. ಪಕ್ಕದ ಮನೆಯ ಗಿಡದಿಂದ ಪರಾಗ ತಂದರೂ ಆಗದೇ ಹೋಗುವುದುಂಟು. ಏಕೆಂದರೆ ಕಂಬಗಳ್ಳಿಯನ್ನು ನಮ್ಮಲ್ಲಿ ಸಾಮಾನ್ಯವಾಗಿ ತುಂಡು ಮಾಡಿ ನೆಡುತ್ತಾರೆ. ಒಂದೇ ಗಿಡದ ತುಂಡುಗಳು ಬೀದಿಯ ಹತ್ತು ಮನೆಗಳಲ್ಲಿ ಹರಡಿಕೊಂಡಿದ್ದರೂ ವಂಶದ ಲೆಕ್ಕದಲ್ಲಿ ಅವೆಲ್ಲವೂ ಒಂದೇ ಗಿಡ. ಇವುಗಳ ತವರಾದ ದಕ್ಷಿಣ ಅಮೆರಿಕದಲ್ಲಿ ರಾತ್ರಿ ಹಾರುವ ದೊಡ್ಡ ಹಾಕ್ ಪತಂಗಗಳೂ, ಪೈಲೋಸೊಸೀರಿಯಸ್‌ನಂಥ ಕುಲಗಳಿಗೆ ಬಾವಲಿಗಳೂ ದೂರದ ಬೇರೆ ಗಿಡಗಳ ಪರಾಗವನ್ನು ಹೊತ್ತು ತರುತ್ತವೆ. ಇಲ್ಲಿ ಪತಂಗ ಬಂದರೂ ಅದು ತರಬೇಕಾದ ಬೇರೆ ವಂಶದ ಗಿಡವೇ ಹತ್ತಿರದಲ್ಲಿ ಇರುವುದಿಲ್ಲ.

ಆದ್ದರಿಂದ ಬೇರೆ ವಂಶದ್ದು ಎಂದು ಖಚಿತವಾಗಿ ಗೊತ್ತಿರುವ, ಬೀಜದಿಂದಲೇ ಬೆಳೆದು ಹೂ ಬಿಟ್ಟ ಗಿಡದ ಪರಾಗ ಬೇಕು. ಈ ದಂಪತಿಯ ತಾರಸಿಯ ಮೇಲೆ ಇರುವುದು ಅಂಥ ಗಿಡಗಳೇ. ಪರಾಗ ಕೇಳಿಕೊಂಡು ಬಂದವರಿಗೆ ಮೊದಲು ಅವರು ನಮ್ಮ ಗಿಡದ ಚಿತ್ರ ತೋರಿಸಲು ಹೇಳುತ್ತಾರೆ: ಕಾಂಡದ ಏಣುಗಳು ಎಷ್ಟು, ಮುಳ್ಳಿನ ಬುಡ ಹೇಗಿದೆ, ಹೂವಿನ ಕೊಳವೆಯ ಮೇಲೆ ರೋಮವಿದೆಯೇ, ನುಣುಪಾಗಿದೆಯೇ. ಕೊಳವೆ ನುಣುಪಾಗಿದ್ದರೆ ಸೀರಿಯಸ್, ರೋಮಭರಿತವಾಗಿದ್ದರೆ ಟ್ರೈಕೊಸೀರಿಯಸ್ ಎಂಬುದು ಅವರ ಮೊದಲ ವಿಂಗಡಣೆ. ನನ್ನೆದುರೇ ಒಬ್ಬರು ಸೀರಿಯಸ್ ಗಿಡದ ಚಿತ್ರ ತೋರಿಸಿ ಟ್ರೈಕೊಸೀರಿಯಸ್ ಪರಾಗ ಕೇಳಿದರು. "ಬೇಡಿ ಸರ್, ಎರಡೂ ಕಂಬ ಆದ ಮಾತ್ರಕ್ಕೆ ಹತ್ತಿರದ ನೆಂಟರಲ್ಲ. ಹೂವೂ ಹಾಳು, ನಿಮ್ಮ ದುಡ್ಡೂ ಹಾಳು" ಎಂದು ಆ ಮನೆಯಾಕೆ ನಯವಾಗಿಯೇ ಹಿಂದಕ್ಕೆ ಕಳುಹಿಸಿದರು. ಮಾರುವುದಕ್ಕೆ ಕುಳಿತವರು ಹೀಗೆ ಮಾರದೆ ಕಳುಹಿಸುವುದನ್ನು ಕಂಡ ಮೇಲೆಯೇ ಈ ಮನೆಯ ಮೇಲೆ ನನಗೆ ಪೂರ್ಣ ನಂಬಿಕೆ ಬಂದದ್ದು.

ಪರಾಗವನ್ನು ಅವರು ಕೊಡುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅರಳಿದ ಹೂವಿನ ಕೇಸರಗಳನ್ನು ಚಿಮಟದಿಂದ ಕಿತ್ತು ಬಟರ್ ಪೇಪರಿನ ಮೇಲೆ ಹರಡಿ ಗಾಳಿಯಾಡುವ ನೆರಳಿನಲ್ಲಿ ಒಣಗಿಸುತ್ತಾರೆ. ಪರಾಗಕೋಶಗಳು ಒಡೆದು ತಿಳಿಹಳದಿ ಪುಡಿ ಉದುರಿದ ಮೇಲೆ, ತೆಳುವಾದ ಜರಡಿಯಲ್ಲಿ ಸೋಸಿ, ಔಷಧಿ ತುಂಬುವ ಖಾಲಿ ಕ್ಯಾಪ್ಸೂಲುಗಳಲ್ಲಿ ತುಂಬಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಸೀಸೆಯಲ್ಲಿ ಫ್ರೀಜರಿನಲ್ಲಿ ಇಡುತ್ತಾರೆ. ಕ್ಯಾಪ್ಸೂಲಿಗೆ ಒಂದು ಸಂಖ್ಯೆ, ಆ ಸಂಖ್ಯೆಗೆ ನೋಟ್‌ಬುಕ್ಕಿನಲ್ಲಿ ಒಂದು ಸಾಲು. ಕೊಂಡವರಿಗೆ ಆ ಸಾಲನ್ನು ಚೀಟಿಯಲ್ಲಿ ನಕಲು ಮಾಡಿ ಕೊಡುತ್ತಾರೆ. ಚೆನ್ನಾಗಿ ಒಣಗಿದ ಪರಾಗ ಫ್ರಿಜ್ಜಿನಲ್ಲಿ ಕೆಲವು ವಾರ, ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಒದ್ದೆಯಾದರೆ ಒಂದು ದಿನವೂ ನಿಲ್ಲುವುದಿಲ್ಲ. ಅದಕ್ಕಾಗಿ ಅವರು ಒತ್ತಿ ಹೇಳುವ ಮಾತೊಂದಿದೆ: ಫ್ರೀಜರಿನಿಂದ ತೆಗೆದ ಸೀಸೆಯನ್ನು ಕೂಡಲೇ ತೆರೆಯಬಾರದು. ತಣ್ಣಗಿರುವಾಗಲೇ ಮುಚ್ಚಳ ತೆಗೆದರೆ ಗಾಳಿಯ ತೇವವೆಲ್ಲ ಪರಾಗದ ಮೇಲೆ ಹನಿಗಟ್ಟುತ್ತದೆ. ಅರ್ಧ ಗಂಟೆಯಾದರೂ ಹೊರಗಿಟ್ಟು, ಸೀಸೆ ಕೋಣೆಯ ಬಿಸುಪಿಗೆ ಬಂದ ಮೇಲೆ ತೆರೆಯಬೇಕು. ಒಂದು ಕ್ಯಾಪ್ಸೂಲಿಗೆ ಐವತ್ತು ರೂಪಾಯಿ. ಅದರಲ್ಲಿ ಮಿತವಾಗಿ ಬಳಸಿದರೆ ನಾಲ್ಕೈದು ಹೂಗಳಿಗಾಗುವಷ್ಟು ಪುಡಿ ಇರುತ್ತದೆ.

ಇನ್ನು ಮನೆಯ ಕೆಲಸ. ಬ್ರಹ್ಮಕಮಲ ಅರಳುವ ರಾತ್ರಿ ನೆರೆಹೊರೆಯವರನ್ನೆಲ್ಲ ಕರೆದು ಕೂಡಿಸುವ ಅಭ್ಯಾಸ ನಮ್ಮ ಮನೆಗಳಲ್ಲಿ ಇರುವುದರಿಂದ ರಾತ್ರಿ ಹೂವಿಗೆ ಕಾಯುವುದು ಮೈಸೂರಿನವರಿಗೆ ಹೊಸದಲ್ಲ. ನಾವು ಬ್ರಹ್ಮಕಮಲವೆಂದು ಬೆಳೆಸುವ ಆ ಎಪಿಫಿಲಮ್ ಸಹ ಕ್ಯಾಕ್ಟಸ್ ಕುಟುಂಬದ್ದೇ. ಕಂಬಗಳ್ಳಿಯ ಮೊಗ್ಗು ಅರಳುವ ದಿನ ಸಂಜೆಯ ಹೊತ್ತಿಗೆ ಉಬ್ಬಿ, ಹೊರದಳಗಳ ತುದಿ ಸ್ವಲ್ಪ ಬಿಚ್ಚಿಕೊಂಡಿರುತ್ತದೆ. ಕತ್ತಲಾದ ಮೇಲೆ ಅರಳತೊಡಗಿ, ರಾತ್ರಿ ಹತ್ತರ ಸುಮಾರಿಗೆ ಪೂರ್ಣ ಬಿಚ್ಚುತ್ತದೆ. ಆಗ ಟಾರ್ಚ್ ಹಿಡಿದು ಒಳಗೆ ನೋಡಿದರೆ ನೂರಾರು ಕೇಸರಗಳು ಒಂದರ ಮೇಲೊಂದು ಒರಗಿರುವುದು ಕಾಣುತ್ತದೆ. ಅವುಗಳ ನಡುವಿನಿಂದ ದಪ್ಪನೆಯ ಶಲಾಕೆ ಮುಂದಕ್ಕೆ ಚಾಚಿ, ಅದರ ತುದಿ ಹತ್ತು ಹದಿನೈದು ತೆಳು ಕವಲುಗಳಾಗಿ ಬಿಡಿಸಿಕೊಂಡಿರುತ್ತದೆ. ಆ ಕವಲುಗಳ ಮೇಲ್ಮೈ ಟಾರ್ಚಿನ ಬೆಳಕಿಗೆ ಸಣ್ಣಗೆ ಹೊಳೆಯುತ್ತಿದ್ದು, ಬೆರಳಿಗೆ ಅಂಟಂಟಾಗಿ ತಾಕಿದರೆ ಅದು ಪರಾಗ ಹಿಡಿಯಲು ಸಿದ್ಧವಾಗಿದೆಯೆಂದು ತಿಳಿಯಬೇಕು. ಮೃದುವಾದ ಬಣ್ಣದ ಬ್ರಷ್‌ನಿಂದ ಪರಾಗವನ್ನು ತೆಗೆದು ಆ ಕವಲುಗಳಿಗೆಲ್ಲ ಸಮನಾಗಿ ಸವರಬೇಕು. ಒಂದೆರಡು ಕವಲಿಗೆ ಮಾತ್ರ ತಾಕಿಸಿದರೆ ಹಣ್ಣು ಸಣ್ಣದಾಗಿ ಬೀಜ ಕಡಿಮೆಯಾಗುತ್ತದೆ. ತನ್ನ ಪರಾಗವನ್ನು ತಾನೇ ಒಪ್ಪಿಕೊಳ್ಳುವ ಜಾತಿಯಾದರೆ, ಸಂಜೆಯೇ ಮೊಗ್ಗಿನ ಪಕ್ಕವನ್ನು ಬ್ಲೇಡಿನಿಂದ ಸೀಳಿ ಕೇಸರಗಳನ್ನೆಲ್ಲ ಮೊದಲು ತೆಗೆದುಬಿಡಬೇಕು. ಕೆಲಸ ಮುಗಿದ ಮೇಲೆ ಹೂವಿಗೆ ಬಲೆಬಟ್ಟೆಯ ಚೀಲ ಕಟ್ಟುವುದನ್ನು ಮರೆಯುವಂತಿಲ್ಲ. ನಮ್ಮ ತುಡುವೆ ಜೇನುಗಳು ಬೆಳಕು ಹರಿಯುತ್ತಲೇ, ಹೂ ಇನ್ನೂ ಮುಚ್ಚುವ ಮೊದಲೇ ಬಂದು ಮುತ್ತುತ್ತವೆ. ಚೀಲವಿಲ್ಲದ ಹೂವಿಗೆ ತಂದೆ ಯಾರೆಂದು ಹೇಳಲಾಗದು.

ದಾರಕ್ಕೆ ಚೀಟಿ ಕಟ್ಟಿ ತಾಯಿ ಗಿಡದ ಹೆಸರನ್ನು ಮೊದಲು, ಗುಣಾಕಾರದ ಗುರುತಿನ ನಂತರ ತಂದೆಯ ಹೆಸರನ್ನು ಬರೆಯುವುದು ಸಸ್ಯ ಸಂಕರಣದಲ್ಲಿ ನಡೆದು ಬಂದ ಪದ್ಧತಿ. ಈ ಮನೆಯಲ್ಲಿ ಅದನ್ನು ಎಲ್ಲಿಯೂ ತಪ್ಪಿಸುವುದಿಲ್ಲ. ಪರಾಗ ಹಿಡಿದಿದ್ದರೆ ಬಾಡಿದ ಹೂವಿನ ಕೆಳಗಿನ ಅಂಡಾಶಯ ಹಸಿರಾಗಿಯೇ ಉಳಿದು ದಿನೇದಿನೇ ದಪ್ಪವಾಗುತ್ತದೆ. ಅವರಲ್ಲಿ ಕೊಂಡ ಪರಾಗದಿಂದ ನಮ್ಮ ಮನೆಯ ಹಳೆಯ ಸೀರಿಯಸ್ ಮೊದಲ ಬಾರಿ ಹಣ್ಣು ಕಚ್ಚಿದಾಗ ಮನೆಯವರೆಲ್ಲ ಏಣಿ ಹತ್ತಿ ನೋಡಿ ಬಂದೆವು. ಎರಡು ತಿಂಗಳ ಒಳಗೆ ಆ ಕಾಯಿ ನೇರಳೆಗೆಂಪಿಗೆ ತಿರುಗಿ, ಉದ್ದಕ್ಕೆ ಬಿರಿದು, ಒಳಗಿನ ಬಿಳಿ ತಿರುಳನ್ನೂ ಸಾಸಿವೆ ಕಾಳಿನಂಥ ಕಪ್ಪು ಬೀಜಗಳನ್ನೂ ತೋರಿಸಿತು. ಬಿರಿಯುವ ಹೊತ್ತಿಗೆ ಪಿಕಳಾರ, ಅಳಿಲು, ಇರುವೆ ಮೂರೂ ಕಾದಿರುತ್ತವೆ. ಬಲೆಯ ಚೀಲ ಕೊನೆಯವರೆಗೂ ಇರಬೇಕಾದದ್ದು ಅದಕ್ಕೇ. ತಿರುಳು ತಿನ್ನಲು ಹಿತವಾಗಿ, ತೆಳು ಸಿಹಿಯಾಗಿರುತ್ತದೆ.

ಈಗ ಬೀಜದ ಪೊಟ್ಟಣಗಳ ವಿಷಯ. ಇಪ್ಪತ್ತೈದು ಬೀಜದ ಪೊಟ್ಟಣಕ್ಕೆ ಅರವತ್ತು ರೂಪಾಯಿ, ಅಪರೂಪದ ಜೋಡಿಯಾದರೆ ನೂರು. ಜಾಲತಾಣಗಳ ಮಾರುಕಟ್ಟೆಯಲ್ಲಿ ಇದರ ಅರ್ಧ ಬೆಲೆಗೆ "ಮಿಶ್ರ ಕ್ಯಾಕ್ಟಸ್ ಬೀಜ" ಎಂಬ ಪೊಟ್ಟಣಗಳು ಸಿಗುತ್ತವೆ. ಕೆಲವದರ ಮೇಲೆ ಪ್ರಕೃತಿಯಲ್ಲಿ ಎಲ್ಲಿಯೂ ಇಲ್ಲದ ಕಾಮನಬಿಲ್ಲಿನ ಬಣ್ಣದ ಗಿಡಗಳ ಚಿತ್ರವೂ ಇರುತ್ತದೆ. ಅಂಥವನ್ನು ಕೊಂಡ ಗೆಳೆಯರ ಟ್ರೇಗಳಲ್ಲಿ ಹುಲ್ಲು ಮೊಳೆತದ್ದನ್ನು ನಾನು ನೋಡಿದ್ದೇನೆ. ಈ ಮನೆಯ ಬೀಜ ಮಾತ್ರ ಹೊಸದು, ಸ್ವಚ್ಛ. ಹಣ್ಣಿನ ತಿರುಳನ್ನು ಟೀ ಸೋಸುವ ಜಾಲರಿಯಲ್ಲಿ ಹಾಕಿ ನಲ್ಲಿಯ ಕೆಳಗೆ ಉಜ್ಜಿ ಉಜ್ಜಿ ತೊಳೆದು, ನೆರಳಿನಲ್ಲಿ ಕಾಗದದ ಮೇಲೆ ಒಣಗಿಸುತ್ತಾರೆ. ಬೀಜಕ್ಕೆ ತಿರುಳಿನ ಒಂದು ಎಳೆ ಅಂಟಿಕೊಂಡಿದ್ದರೂ ಡಬ್ಬಿಯೊಳಗೆ ಬೂಷ್ಟು ಅಲ್ಲಿಂದಲೇ ಶುರುವಾಗುತ್ತದೆ, ಆದ್ದರಿಂದ ತೊಳೆಯುವುದರಲ್ಲಿ ಅವರು ತೋರುವ ತಾಳ್ಮೆಗೆ ನೇರವಾದ ಫಲವಿದೆ. ನಾನು ಬಿತ್ತಿದ ಪೊಟ್ಟಣಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಬೀಜ ಹತ್ತು ದಿನದೊಳಗೆ ಕಣ್ಣು ಬಿಟ್ಟವು.

ವಿದೇಶದಿಂದ ಬೀಜ ತರಿಸಿಕೊಳ್ಳಬಹುದಲ್ಲ ಎನ್ನುವವರಿಗೆ ಒಂದು ಮಾತು. ಕ್ಯಾಕ್ಟಸ್ ಕುಟುಂಬ ಬಹುತೇಕ ಪೂರ್ತಿಯಾಗಿ, ಅಳಿವಿನ ಭಯವಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಪಟ್ಟಿಗಳಲ್ಲಿದೆ, ಭಾರತ 1976ರಿಂದ ಆ ಒಪ್ಪಂದಕ್ಕೆ ಸೇರಿದೆ. ಎರಡನೇ ಪಟ್ಟಿಯ ಬೀಜಗಳಿಗೆ ಅದರಲ್ಲಿ ಹೆಚ್ಚಿನ ವಿನಾಯಿತಿ ಇದ್ದರೂ, ನಮ್ಮ ದೇಶದ 2003ರ ಸಸ್ಯ ಸಂಗರೋಧ (ಕ್ವಾರಂಟೈನ್) ಆದೇಶದ ಪ್ರಕಾರ ಹೊರಗಿನಿಂದ ಬರುವ ಬೀಜಕ್ಕೆ ಆಮದು ಪರವಾನಗಿಯೂ ಕಳುಹಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಲಕೋಟೆಯೊಳಗೆ ಅಡಗಿಸಿ ತರಿಸುವುದು ನಿಯಮಕ್ಕೂ ವಿರುದ್ಧ, ಬೇರೆ ದೇಶದ ರೋಗ ಕೀಟಗಳಿಗೆ ದಾರಿಯೂ ಹೌದು. ಇಲ್ಲಿಯೇ ಹೂ ಬಿಟ್ಟ ಗಿಡಗಳಿಂದ ಇಲ್ಲಿಯೇ ತೆಗೆದ ಬೀಜವೆಂದರೆ ಈ ತೊಡಕು ಯಾವುದೂ ಇಲ್ಲ. ಜೊತೆಗೆ ಆ ಬೀಜದ ತಾಯಿ ತಂದೆಗಳೆರಡೂ ಮೈಸೂರಿನ ಎರಡು ಮಳೆಗಾಲಗಳನ್ನು, ಅಂದರೆ ಮೇ ತಿಂಗಳ ಗುಡುಗು ಮಳೆಯನ್ನೂ ಸೆಪ್ಟೆಂಬರ್, ಅಕ್ಟೋಬರಿನ ಜಡಿಮಳೆಯನ್ನೂ ಬೇರು ಕೊಳೆಯದೆ ದಾಟಿದ ಗಿಡಗಳಾಗಿರುತ್ತವೆ. ನನ್ನ ದೃಷ್ಟಿಯಲ್ಲಿ ಇದು ಹೂವಿನ ಬಣ್ಣಕ್ಕಿಂತ ದೊಡ್ಡ ಗುಣ.

ಅವರ ಪಟ್ಟಿ ಚಿಕ್ಕದು. ಸೀರಿಯಸ್ ಒಳಗಿನ ಕೆಲವು ಜೋಡಿಗಳು, ನೀಲಿ ಕಾಂಡದ ಪೈಲೋಸೊಸೀರಿಯಸ್‌ನ ಬೀಜ, ಟ್ರೈಕೊಸೀರಿಯಸ್ ಗುಂಪಿನ ಸಂಕರಗಳು. ಕೊನೆಯ ಗುಂಪಿನಲ್ಲಿಯೇ ಅವರ ಆಸೆ ಎಲ್ಲವೂ ಇರುವಂತೆ ಕಾಣುತ್ತದೆ, ಅದಕ್ಕೆ ಕಾರಣವೂ ಇದೆ. ಎತ್ತರಕ್ಕೆ ಬೆಳೆದು ರಾತ್ರಿ ದೊಡ್ಡ ಬಿಳಿ ಹೂ ಬಿಡುವ ಜಾತಿಗಳು ಈ ಗುಂಪಿನಲ್ಲಿವೆ. ಗಿಡ್ಡ ಕಂಬಗಳಾಗಿ, ಹಗಲಿನಲ್ಲಿಯೂ ಬಾಡದೆ ನಿಲ್ಲುವ ಕೆಂಪು ಹೂ ಬಿಡುವ ಗ್ರಾಂಡಿಫ್ಲೋರಸ್‌ನಂಥವೂ ಇವೆ. ಇವೆರಡು ಸುಲಭವಾಗಿ ಕೂಡುತ್ತವೆ. ಅಮೆರಿಕದ ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಸಸ್ಯೋದ್ಯಾನದ ಮೂಲಕ ಹೊರಬಂದ, ಬಾಬ್ ಷಿಕ್ ಎಂಬವರು ಬೆಳೆಸಿದ ಷಿಕ್ ಸಂಕರಗಳು ಈ ಗುಂಪಿನವೇ ಆಗಿದ್ದು, ಅವುಗಳ ಹೂ ಕಿತ್ತಳೆ, ಗುಲಾಬಿ, ಕಡುಗೆಂಪು ಎಂದು ಹತ್ತಾರು ಬಣ್ಣಗಳಲ್ಲಿ ಪ್ರಸಿದ್ಧವಾಗಿವೆ. ನಮ್ಮ ಬೋಗಾದಿಯ ತಾರಸಿಯಲ್ಲಿ ಅಷ್ಟೆಲ್ಲ ಇನ್ನೂ ಆಗಿಲ್ಲ. ಆದರೆ ಬಿಳಿ ತಾಯಿ, ಕೆಂಪು ತಂದೆಯ ಒಂದು ಜೋಡಿಯಿಂದ ಬಂದ ಗಿಡಗಳು ಮೊನ್ನೆ ಬೇಸಿಗೆಯಲ್ಲಿ ಮೊದಲ ಹೂ ಬಿಟ್ಟಿದ್ದವು: ಒಂದೇ ಹಣ್ಣಿನ ಮಕ್ಕಳಾದರೂ ಒಂದು ತಿಳಿಗುಲಾಬಿ, ಇನ್ನೊಂದರ ದಳದ ನಡುವೆ ಮಾತ್ರ ಕಡುಬಣ್ಣದ ಪಟ್ಟೆ, ಮತ್ತೊಂದು ತಾಯಿಯ ಹಾಗೆಯೇ ಬಿಳಿ. ಬೀಜದಿಂದ ಬೆಳೆಸುವವರು ಇದನ್ನು ಅರಿತೇ ಕೊಳ್ಳಬೇಕು. ಪೊಟ್ಟಣದ ಮೇಲಿನ ಹೆಸರು ವಂಶವನ್ನು ಹೇಳುತ್ತದೆ, ಮುಂದೆ ಬರುವ ಹೂವಿನ ಬಣ್ಣವನ್ನಲ್ಲ. ಇದನ್ನು ಅವರೇ ಮೊದಲು ಹೇಳಿಬಿಡುತ್ತಾರೆ. ಅಮೆರಿಕದ ಮರುಭೂಮಿಯ ದೈತ್ಯ ಕಂಬಗಳ್ಳಿಯಾದ ಸಗ್ವಾರೋದ ಬೀಜ ಕೇಳಿದವರಿಗೂ ಹೀಗೆಯೇ: ಅದು ಮೊದಲ ಎಂಟು ವರ್ಷಕ್ಕೆ ಒಂದೂವರೆ ಇಂಚು ಏರಿದರೆ ಹೆಚ್ಚು, ಮೊದಲ ಹೂವಿಗೆ ಮೂವತ್ತೈದು ವರ್ಷವಾಗುತ್ತದೆ ಎಂದು ತಿಳಿಸಿ, ಸೀರಿಯಸ್‌ನಿಂದ ಆರಂಭಿಸಲು ಸಲಹೆ ಕೊಡುತ್ತಾರೆ. ಸೀರಿಯಸ್ಸೂ ಟ್ರೈಕೊಸೀರಿಯಸ್ಸೂ ಚೆನ್ನಾಗಿ ನೋಡಿಕೊಂಡರೆ ಕೆಲವೇ ವರ್ಷಗಳಲ್ಲಿ ಹೂವಿಗೆ ಬರುತ್ತವೆ.

ಬಿತ್ತನೆಯ ಡಬ್ಬಿಯ ಬಗ್ಗೆ ನನ್ನ ಆಕ್ಷೇಪ ಗಂಭೀರವಾದದ್ದು. ಮುನ್ನೂರೈವತ್ತು ರೂಪಾಯಿಗೆ ಅವರು ಕೊಡುವುದು ಮುಚ್ಚಳವಿರುವ ಒಂದು ಪ್ಲಾಸ್ಟಿಕ್ ಡಬ್ಬಿ, ಅದಕ್ಕಾಗುವಷ್ಟು ಮಣ್ಣಿನ ಮಿಶ್ರಣ, ಒಂದು ಪೊಟ್ಟಣ ಬೀಜ, ಶಿಲೀಂಧ್ರನಾಶಕದ ಒಂದು ಚಿಟಿಕೆ ಪುಡಿ. ಮಿಶ್ರಣದಲ್ಲಿ ಕೋಕೋಪೀಟ್ ಅರ್ಧಕ್ಕಿಂತ ಹೆಚ್ಚು. ಮುಚ್ಚಿದ ಡಬ್ಬಿಯಲ್ಲಿ ಅದು ತಿಂಗಳುಗಟ್ಟಲೆ ಒದ್ದೆಯಾಗಿಯೇ ಇದ್ದು ಮೇಲ್ಮೈಯಲ್ಲಿ ಹಸಿರು ಪಾಚಿ ಕಟ್ಟುತ್ತದೆ, ಮುಚ್ಚಳ ತೆಗೆದ ಮೇಲೆ ಒಮ್ಮೆ ಪೂರ್ತಿ ಒಣಗಿದರೆ ಮತ್ತೆ ನೀರನ್ನು ಹೀರುವುದೇ ಇಲ್ಲ. ಶಿಲೀಂಧ್ರನಾಶಕದ ಪೊಟ್ಟಣದ ಮೇಲೆ ಅದು ಯಾವ ಔಷಧಿ, ಎಷ್ಟು ನೀರಿಗೆ ಎಷ್ಟು, ಮಕ್ಕಳಿಂದ ದೂರವಿಡಿ ಎಂಬ ಒಂದು ಸಾಲೂ ಇಲ್ಲ. ಬೀಜದ ಪೊಟ್ಟಣದ ಮೇಲೆ ಇಷ್ಟು ವಿವರ ಬರೆಯುವವರು ವಿಷದ ಪೊಟ್ಟಣವನ್ನು ಖಾಲಿ ಬಿಡುವುದು ಸರಿಯಲ್ಲ. ಇದನ್ನು ಅವರಿಗೂ ನೇರವಾಗಿ ಹೇಳಿದ್ದೇನೆ, ಇನ್ನು ಮುಂದೆ ಬರೆದೇ ಕೊಡುವುದಾಗಿ ಯಜಮಾನರು ಒಪ್ಪಿದ್ದಾರೆ.

ಡಬ್ಬಿಯನ್ನು ಮನೆಯಲ್ಲಿಯೇ ಸಿದ್ಧಪಡಿಸಿಕೊಳ್ಳುವುದು ಕಷ್ಟವೇನಲ್ಲ. ಹೋಟೆಲಿನಿಂದ ಪಾರ್ಸೆಲ್ ತಂದ, ಒಳಗೆ ಕಾಣುವಂಥ ಪ್ಲಾಸ್ಟಿಕ್ ಡಬ್ಬಿ ಸಾಕು. ದಪ್ಪ ಮರಳು ಮತ್ತು ಪುಡಿ ಮಾಡಿದ ಇಟ್ಟಿಗೆ ಚೂರು ಸೇರಿ ಎರಡು ಪಾಲು, ಮೂರು ನಾಲ್ಕು ನೀರಿನಲ್ಲಿ ತೊಳೆದು ಉಪ್ಪಿನಂಶ ಕಳೆದ ಕೋಕೋಪೀಟ್ ಒಂದು ಪಾಲು, ಹಿಡಿಯಷ್ಟು ಇದ್ದಿಲ ಪುಡಿ. ಎಲ್ಲವನ್ನೂ ರವೆ ಜರಡಿಗಿಂತ ಸ್ವಲ್ಪ ದೊಡ್ಡ ಕಣ್ಣಿನ ಜರಡಿಯಲ್ಲಿ ಆಡಿಸಿ, ನೀರು ಚಿಮುಕಿಸಿ, ಪ್ರೆಷರ್ ಕುಕ್ಕರಿನಲ್ಲಿ ಅರ್ಧ ಗಂಟೆ ಹಬೆಯಲ್ಲಿ ಬೇಯಿಸಿ ಪೂರ್ತಿ ಆರಲು ಬಿಡಬೇಕು. ಬೀಜವನ್ನು ಮಣ್ಣಿನೊಳಗೆ ಹೂಳಬಾರದು. ಮೊಳೆಯಲು ಬೆಳಕು ಬೇಕಾದ್ದರಿಂದ ಮೇಲೆ ಉದುರಿಸಿ ಬೆರಳ ತುದಿಯಿಂದ ಮೆಲ್ಲಗೆ ಒತ್ತಿದರೆ ಸಾಕು. ಕುದಿಸಿ ಆರಿಸಿದ ನೀರನ್ನೇ ಸಿಂಪಡಿಸಬೇಕು. ಮಂಡ್ಯದ ಕಡೆಯವರು ಬೋರ್‌ವೆಲ್ ನೀರನ್ನು ಬಳಸುವುದಾದರೆ ಅದರ ಸುಣ್ಣ ಮಣ್ಣಿನ ಮೇಲೆ ಬಿಳಿ ಪದರವಾಗಿ ನಿಲ್ಲುತ್ತದೆ, ಮಳೆನೀರು ಹಿಡಿದಿಟ್ಟುಕೊಂಡರೆ ಒಳ್ಳೆಯದು. ಮುಚ್ಚಳ ಭದ್ರಪಡಿಸಿ, ನೇರ ಬಿಸಿಲು ಬೀಳದ, ಆದರೆ ಚೆನ್ನಾಗಿ ಬೆಳಕಿರುವ ಕಿಟಕಿಯ ಬಳಿ ಇಟ್ಟರೆ ಎರಡು ಮೂರು ತಿಂಗಳು ಅದನ್ನು ತೆರೆಯುವ ಕೆಲಸವೇ ಇಲ್ಲ. ಮೊಳಕೆ ಮೊದಲು ಹಸಿರು ಗುಂಡಾಗಿ ಕಾಣಿಸಿಕೊಂಡು, ಆಮೇಲೆ ಎರಡು ಸಣ್ಣ ಬೀಜದಳಗಳ ನಡುವಿನಿಂದ ಮೊದಲ ಮುಳ್ಳುಗಳ ಕುಚ್ಚನ್ನು ಹೊರಹಾಕುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ಆ ಮುಳ್ಳುಗಳು ಇನ್ನೂ ಮೃದುವಾಗಿ, ಕೂದಲಿಗಿಂತ ತೆಳ್ಳಗೆ, ಬುಡದಲ್ಲಿ ತುಸು ಕೆಂಪಾಗಿ ಇರುತ್ತವೆ. ಸಸಿಯ ಮೈ ಕೆಂಪೇರಿದರೆ ಬೆಳಕು ಹೆಚ್ಚಾಯಿತೆಂದೂ, ಬಿಳಿಚಿಕೊಂಡು ಸಪೂರವಾಗಿ ಬಾಗಿದರೆ ಸಾಲದೆಂದೂ ತಿಳಿಯಬೇಕು. ಮೈಸೂರಿನ ಹವೆಗೆ ಫೆಬ್ರುವರಿ, ಮಾರ್ಚ್ ತಿಂಗಳುಗಳೇ ಬಿತ್ತನೆಗೆ ಪ್ರಶಸ್ತ. ಹಗಲಿನ ಬಿಸಿ 30 ಡಿಗ್ರಿ ದಾಟಿರುತ್ತದೆ, ರಾತ್ರಿ 20ರ ಆಸುಪಾಸಿಗೆ ಇಳಿಯುತ್ತದೆ. ಮಳೆಗಾಲದ ನಡುವೆ ಬಿತ್ತಿದ ಡಬ್ಬಿಗಳಲ್ಲಿ ಸಸಿ ಬುಡದಲ್ಲಿ ನೀರಾಗಿ ಒರಗುವ ರೋಗ ಹೆಚ್ಚು.

ಸಸಿಗಳ ಬೆಲೆ ಎಂಬತ್ತರಿಂದ ನೂರೈವತ್ತು. ಬೆರಳುದ್ದ ಬಂದ ಸೀರಿಯಸ್ ಸಸಿಗಳು ಗಟ್ಟಿಮುಟ್ಟಾಗಿವೆ, ಅವುಗಳನ್ನು ಯಾರಾದರೂ ಬೆಳೆಸಬಹುದು. ಡ್ರ್ಯಾಗನ್ ಹಣ್ಣಿನ ಕಾಂಡದ ಮೇಲೆ ಕಸಿ ಮಾಡಿದ ಟ್ರೈಕೊಸೀರಿಯಸ್ ಸಸಿಗಳನ್ನೂ ಇಟ್ಟಿದ್ದಾರೆ. ನೋಡಲು ಅವು ದುಂಡಗೆ ಕೊಬ್ಬಿ, ಸ್ವಂತ ಬೇರಿನ ಸಸಿಗಿಂತ ಮೂರು ನಾಲ್ಕು ಪಟ್ಟು ದೊಡ್ಡದಾಗಿ ಕಾಣುತ್ತವೆ. ಆದರೆ ಕೆಳಗಿನ ಆ ಡ್ರ್ಯಾಗನ್ ಕಾಂಡ ಭಾರವಾದ ಕಂಬವನ್ನು ಬಹುಕಾಲ ಹೊರಲಾರದು. ಬೇಗ ಹೂ ನೋಡಿ ಪರಾಗ ತೆಗೆಯಬೇಕೆನ್ನುವ ಸಂಕರಣಕಾರರಿಗೆ ಕಸಿ ಉಪಯುಕ್ತ, ಅಂಗಳದಲ್ಲಿ ನೆಟ್ಟು ದೀರ್ಘಕಾಲ ಇಟ್ಟುಕೊಳ್ಳುವವರು ಸ್ವಂತ ಬೇರಿನ ಸಸಿಯನ್ನೇ ಕೊಳ್ಳಬೇಕು. ಕೊಳ್ಳುವ ಮೊದಲು ಕುಂಡದಿಂದ ಸಸಿಯನ್ನು ಹೊರತೆಗೆದು ತೋರಿಸಲು ಕೇಳಿ. ಬೇರಿನ ನಡುವೆ ಬಿಳಿ ಹತ್ತಿಯಂತೆ ಕಂಡರೆ ಅದು ಬೇರಿನ ಹಿಟ್ಟು ತಿಗಣೆ. ನನಗೆ ತೋರಿಸಿದವುಗಳಲ್ಲಿ ಒಂದು ಕುಂಡದಲ್ಲಿ ಅದು ಇತ್ತು. ತಕ್ಷಣವೇ ಆ ಸಾಲನ್ನು ಮಾರಾಟದಿಂದ ಹಿಂದೆ ಸರಿಸಿದರು.

ಉಳಿದ ಕೊರತೆಗಳು ಸಣ್ಣವು, ಆದರೂ ದೂರದಿಂದ ಬರುವವರಿಗೆ ತಿಳಿದಿರಬೇಕು. ಭಾನುವಾರ ಬೆಳಗ್ಗೆ ಮಾತ್ರ ಮಾರಾಟ, ಅದೂ ಮೊದಲೇ ಫೋನ್ ಮಾಡಿ ಬಂದರೆ. ಕೊರಿಯರ್‌ನಲ್ಲಿ ಬೀಜ ಕಳುಹಿಸುತ್ತಾರೆ, ಪರಾಗ ಕಳುಹಿಸುವುದಿಲ್ಲ; ಬಿಸಿಲಿನ ವಾಹನದಲ್ಲಿ ಅದು ಉಳಿಯುವುದಿಲ್ಲವೆಂಬ ಅವರ ಕಾರಣ ಸರಿಯಾದದ್ದೇ. ಪೊಟ್ಟಣದ ಮೇಲೆ ಪೆನ್ನಿನಲ್ಲಿ ಬರೆಯುವುದರಿಂದ ತೇವ ತಾಕಿದರೆ ಅಕ್ಷರ ಮಾಸುತ್ತದೆ. ಇಡೀ ವ್ಯವಹಾರದ ಬೆಲೆ ಇರುವುದೇ ಆ ಬರಹದಲ್ಲಿ, ಆದ್ದರಿಂದ ಅಲ್ಲಿ ಪೆನ್ಸಿಲನ್ನೋ ಅಳಿಯದ ಶಾಯಿಯನ್ನೋ ಬಳಸಲೇಬೇಕು. ಕೊಂಡವರು ಮನೆಗೆ ಬಂದ ದಿನವೇ ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳುವುದು ಕ್ಷೇಮ. ಬೀಜ ಮೊಳೆಯದಿದ್ದರೆ ಹಣ ಹಿಂತಿರುಗಿಸುವ ಭರವಸೆಯೇನನ್ನೂ ಅವರು ಕೊಡುವುದಿಲ್ಲ, ಆದರೆ ಹೇಗೆ ಬಿತ್ತಿದಿರಿ ಎಂದು ವಿಚಾರಿಸಿ, ಅದೇ ಜೋಡಿಯ ಬೀಜ ಉಳಿದಿದ್ದರೆ ಇನ್ನೊಂದು ಪೊಟ್ಟಣ ಕೊಟ್ಟ ಉದಾಹರಣೆಯನ್ನು ನನ್ನ ಪರಿಚಿತರೊಬ್ಬರಿಂದ ಕೇಳಿದ್ದೇನೆ.

ಹೊಸ ಬೀಜದ ಪಟ್ಟಿ ಮಳೆಗಾಲ ಮುಗಿದು ಹಣ್ಣುಗಳೆಲ್ಲ ಕೊಯ್ಲಾದ ಮೇಲೆ ನವೆಂಬರಿನಲ್ಲಿ ಸಿದ್ಧವಾಗುತ್ತದೆ. ಟ್ರೈಕೊಸೀರಿಯಸ್ ಸಂಕರಗಳು ಬೇಗ ಮುಗಿಯುವುದರಿಂದ ಆಸೆಯಿದ್ದವರು ಆ ತಿಂಗಳಲ್ಲೇ ಕೇಳಬೇಕು. ಫೆಬ್ರುವರಿಯವರೆಗೆ ಬೀಜವನ್ನು ಕಾಗದದ ಪೊಟ್ಟಣದಲ್ಲಿಯೇ, ತೇವ ತಾಕದ ತಂಪು ಜಾಗದಲ್ಲಿ ಇಟ್ಟುಕೊಂಡರೆ ಕೆಡುವುದಿಲ್ಲ. ಪರಾಗ ಬೇಕಾದವರು ಏಪ್ರಿಲ್‌ಗೆ ಮೊದಲು ತಮ್ಮ ಗಿಡದ ಚಿತ್ರವನ್ನು ತೋರಿಸಿ ಹೆಸರು ಬರೆಸಿರಬೇಕು. ಮೊಗ್ಗು ಕಂಡ ಮೇಲೆ ಫೋನ್ ಮಾಡಿದರೆ ಸಾಕು, ಅದು ಅರಳಲು ಇನ್ನೆಷ್ಟು ದಿನವೆಂದು ಮೊಗ್ಗಿನ ಉದ್ದ ಕೇಳಿಯೇ ಅಂದಾಜು ಹೇಳಿ, ಕ್ಯಾಪ್ಸೂಲನ್ನು ತೆಗೆದಿಟ್ಟಿರುತ್ತಾರೆ. ಮನೆಯ ಕಾಂಪೌಂಡಿನಲ್ಲಿ ಹೂ ಬಿಟ್ಟೂ ಹಣ್ಣಾಗದ ಹಳೆಯ ಸೀರಿಯಸ್ ಇರುವವರು ಮೊದಲು ಕೊಳ್ಳಬೇಕಾದದ್ದು ಆ ಐವತ್ತು ರೂಪಾಯಿಯ ಕ್ಯಾಪ್ಸೂಲನ್ನೇ.